ಬಳ್ಳಾರಿಯವನು ಕ್ರೀಟ್ ದ್ವೀಪಕ್ಕೆ ಹೋದದ್ದು

ಬಿಸಿಲಿನ ವಿಷಯ ಬಂದರೆ ನನಗೆ ಜಂಬ ಸ್ವಲ್ಪ ಜಾಸ್ತಿ, ಒಪ್ಪಿಕೊಂಡುಬಿಡುತ್ತೇನೆ. ಜೂನ್ ತಿಂಗಳ ಯಾವುದೋ ಒಂದು ದಿನ ದಕ್ಷಿಣ ಲಂಡನ್ನಿನ ನಮ್ಮ ಕ್ರೋಯ್ಡನ್ನಿನಲ್ಲಿ ಉಷ್ಣಾಂಶ ಇಪ್ಪತ್ತೆಂಟು ಡಿಗ್ರಿ ಮುಟ್ಟಿ, ಟ್ರಾಮಿನಲ್ಲಿ ಕೂತವರೆಲ್ಲ ಕೈಗೆ ಸಿಕ್ಕ ಕಾಗದ ಬೀಸಿಕೊಳ್ಳುತ್ತಿರುವಾಗ ನಾನು ಕೋಟಿನ ಗುಂಡಿಯನ್ನೂ ಬಿಚ್ಚದೆ ಕೂತಿರುತ್ತೇನೆ. ಒಳಗೆ ಬನಿಯನ್ ತೊಯ್ದು ತೊಪ್ಪೆಯಾಗಿರುತ್ತದೆ, ಅದು ಬೇರೆ ಮಾತು. ಪಕ್ಕದವರು ಏನಾದರೂ ಅಂದರೆ, "ನಾನು ಬಳ್ಳಾರಿಯವನು" ಎನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ಆದರೂ ಹೇಳುತ್ತೇನೆ.

ನನ್ನ ಹೆಂಡತಿ ಸುಮಿತ್ರ ಮೈಸೂರಿನವಳು. ಅವಳು ಮನೆಯೊಳಗೆ ಹೇಳುವ ಮಾತು ಇದು: "ಊರು ಬಿಟ್ಟು ಇಪ್ಪತ್ನಾಲ್ಕು ವರ್ಷ ಆಯ್ತು ರೀ. ಈಗ ಫ್ಯಾನ್ ಇಲ್ದೆ ನಿಮಗೆ ನಿದ್ದೆ ಬರಲ್ಲ. ಇನ್ನೂ ಎಂಥ ಬಳ್ಳಾರಿ?"

ಇಂಗ್ಲಿಷರ ಬಿಸಿಲಿನ ವ್ಯಾಮೋಹ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ನಮ್ಮ ಭಾಷೆಯಲ್ಲಿ ಬಿಸಿಲು ಸುಡುತ್ತದೆ, ಚುರುಗುಟ್ಟುತ್ತದೆ, ನೆತ್ತಿಗೆ ಬಡಿಯುತ್ತದೆ. ಇವರು ಅದರಲ್ಲಿ ಸ್ನಾನ ಮಾಡುತ್ತಾರೆ. ನಾವು ಬಿಸಿಲಿಗೆ ಹಾಕುವುದು ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಮನುಷ್ಯರನ್ನಲ್ಲ. ಇವರೋ ಒಂಬತ್ತು ತಿಂಗಳು ಮೋಡದಡಿ ಕಾದು, ಒಂದು ವಾರ ಗ್ರೀಸಿಗೋ ಸ್ಪೇನಿಗೋ ಹಾರಿ, ಮೊದಲ ದಿನವೇ ಮೈಯೆಲ್ಲ ಕೆಂಪು ಮಾಡಿಕೊಂಡು, ಉಳಿದ ಆರು ದಿನ ಮಗ್ಗುಲು ಬದಲಿಸಲಾಗದೆ ನರಳಿ ವಾಪಸು ಬರುತ್ತಾರೆ.

ಆದ್ದರಿಂದ ಕಳೆದ ವರ್ಷ ಪಕ್ಕದ ಮನೆಯ ಬ್ರಯಾನ್ ಮತ್ತು ಮೌರೀನ್, "ಜುಲೈನಲ್ಲಿ ನಾಲ್ವರೂ ಕೂಡಿ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗೋಣವೇ?" ಎಂದು ಕೇಳಿದಾಗ ನನಗೆ ಎಲ್ಲಿಲ್ಲದ ಹುರುಪು ಬಂತು. ಬ್ರಯಾನ್ ಲಂಡನ್ನಿನಲ್ಲಿ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಒಳ್ಳೆಯ ಮನುಷ್ಯ. ನನ್ನ ವಿರೂಪಾಕ್ಷ ಎಂಬ ಹೆಸರನ್ನು ಮೊದಲ ದಿನವೇ ವಿರೂ ಎಂದು ಕತ್ತರಿಸಿ ಹಗುರ ಮಾಡಿಕೊಂಡವನು. ನಗರಸಭೆಯಂಥ ಕೌನ್ಸಿಲ್ ಕಚೇರಿಯಲ್ಲಿ ಜನರಿಗೆ ಸೂಚನಾಪತ್ರ ಬರೆಯುವುದೇ ನನ್ನ ಉದ್ಯೋಗ. ಒಂದು ಭಾನುವಾರ ಕೂತು ಎರಡು ಪುಟದ ಸಲಹೆ ತಯಾರಿಸಿದೆ. ಪಾಸ್‌ಪೋರ್ಟಿನ ಮುಗಿಯುವ ತಾರೀಕು ಮಾತ್ರವಲ್ಲ, ಕೊಟ್ಟ ತಾರೀಕೂ ನೋಡಿಕೊಳ್ಳಿ. ಹತ್ತು ವರ್ಷ ದಾಟಿದ್ದರೆ ಒಳಗೆ ಬಿಡುವುದಿಲ್ಲ. ಆರೋಗ್ಯದ ಕಾರ್ಡ್ ಇರಲಿ, ಜೊತೆಗೆ ವಿಮೆಯೂ ಇರಲಿ. ಅಲ್ಲಿ ವಾಹನಗಳು ಬಲಕ್ಕೆ ಓಡುತ್ತವೆ, ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಅಲ್ಲಿನ ಕ್ರೈಸ್ತ ಮಠಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ. ಇಷ್ಟೆಲ್ಲ ಅರ್ಧ ಪುಟದಲ್ಲಿ ಮುಗಿಯಿತು. ಮಿಕ್ಕ ಒಂದೂವರೆ ಪುಟ ಬರೀ ಬಿಸಿಲು. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕಾಲಿಡಬೇಡಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ನೆರಳು, ಆಮೇಲೆ ಮಲಗಿಸಿ ಕಾಲು ಎತ್ತರ, ಕತ್ತಿಗೂ ಕಂಕುಳಿಗೂ ಒದ್ದೆ ಬಟ್ಟೆ, ನೀರು ಗುಟುಕು ಗುಟುಕಾಗಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಂಬ್ಯುಲೆನ್ಸ್.

ಬ್ರಯಾನ್ ಅದನ್ನು ಬಸ್ಸಿನ ಮಾರ್ಗಸೂಚಿ ಓದುವ ಶ್ರದ್ಧೆಯಿಂದ ಓದಿದ. ವಿಮಾನದಲ್ಲಿ ಇನ್ನೊಮ್ಮೆ ಓದಿದ.

ಮೂರನೆಯ ದಿನ ಬೆಳಿಗ್ಗೆ ಹೆಂಗಸರಿಬ್ಬರೂ ಸಮುದ್ರಕ್ಕೆ ಹೋದರು. ನಾವು ಗಂಡಸರು ಗುಡ್ಡದ ಮೇಲಿನ ಒಂದು ಪುಟ್ಟ ಬಿಳಿ ಚರ್ಚಿಗೆ ನಡೆದೆವು. ನೋಡಿಕೊಂಡು ಇಳಿಯುವಾಗ ದಾರಿಯಲ್ಲಿ ಕೋಟೆಯೊಂದರ ಫಲಕ ಕಂಡಿತು. ಹುಟ್ಟೂರಿನ ಕೋಟೆ ಹತ್ತಿ ಬೆಳೆದವನಿಗೆ ಕಾಲು ಸುಮ್ಮನಿರಲಿಲ್ಲ.

ಬ್ರಯಾನ್ ಗಡಿಯಾರ ನೋಡಿಕೊಂಡ. "ಹನ್ನೊಂದೂವರೆ ಆಯಿತು ವಿರೂ. ನಿನ್ನ ಎರಡನೇ ಪುಟದಲ್ಲಿ ಹನ್ನೊಂದರ ಮೇಲೆ ಬೇಡ ಅಂತಿದೆಯಲ್ಲ?"

"ಅದು ನಿಮ್ಮಂಥವರಿಗೆ" ಅಂದೆ.

ಪಾಪ, ನನ್ನ ಹಿಂದೆಯೇ ಬಂದ. ಅವನ ತಲೆಯ ಮೇಲೆ ಅಗಲ ಅಂಚಿನ ಟೋಪಿ, ಕೈಯಲ್ಲಿ ಎರಡು ಬಾಟಲಿ ನೀರು. ನನ್ನ ತಲೆ ಬೋಳು, ಕೈ ಬರಿದು. ಮುಕ್ಕಾಲು ದಾರಿ ಏರುವ ಹೊತ್ತಿಗೆ ಬೆವರು ನಿಂತಿತು. ಒಳ್ಳೆಯದೇ ಆಯಿತು, ಮೈ ಹಳೆಯ ಅಭ್ಯಾಸಕ್ಕೆ ಮರಳಿತು ಅಂದುಕೊಂಡೆ. ಬೆವರು ನಿಲ್ಲುವುದು ಅಪಾಯದ ಗುರುತೆಂದು ನಾನೇ ಬರೆದಿದ್ದೆ. ಆಮೇಲೆ ಎದುರಿನ ಬಂಡೆ ಎರಡಾಯಿತು. ಎರಡರಲ್ಲಿ ಯಾವುದನ್ನು ಹಿಡಿದುಕೊಳ್ಳಲಿ ಎಂದು ಯೋಚಿಸುತ್ತಿರುವಾಗಲೇ ಬಿದ್ದೆ.

ಕಣ್ಣು ಬಿಟ್ಟಾಗ ಆಲಿವ್ ಮರವೊಂದರ ನೆರಳಿನಲ್ಲಿ ಅಂಗಾತ ಮಲಗಿದ್ದೆ. ಕಾಲು ಬ್ರಯಾನನ ಚೀಲದ ಮೇಲಿತ್ತು. ಅರವತ್ತೆಂಟರ ಆ ಮನುಷ್ಯ ತನ್ನ ಅಂಗಿ ಕಳಚಿ, ನೀರಲ್ಲಿ ಅದ್ದಿ ನನ್ನ ಕತ್ತಿಗೆ ಸುತ್ತಿ, ಬರಿಮೈಯಲ್ಲಿ ಕೂತು ಟೋಪಿಯಿಂದ ಗಾಳಿ ಬೀಸುತ್ತಿದ್ದ. ಬಾಯಲ್ಲಿ ಮೆಲ್ಲಗೆ, "ನೆರಳು ಆಯಿತು, ಕಾಲು ಆಯಿತು, ಕಂಕುಳು ಆಯಿತು, ಇನ್ನು ಗುಟುಕು ನೀರು" ಎಂದು ನನ್ನದೇ ವಾಕ್ಯಗಳನ್ನು ನನ್ನದೇ ಕ್ರಮದಲ್ಲಿ ಹೇಳಿಕೊಳ್ಳುತ್ತಿದ್ದ. ಒಂದನ್ನೂ ಬಿಟ್ಟಿರಲಿಲ್ಲ.

ಹತ್ತಿರದ ಮನೆಯಿಂದ ಕರಿ ಉಡುಪಿನ ಅಜ್ಜಿಯೊಬ್ಬಳು ಓಡಿಬಂದು, ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ, ಕಿಟಕಿ ಮುಚ್ಚಿದ ತಣ್ಣನೆಯ ಕೋಣೆಯಲ್ಲಿ ಕೂರಿಸಿದಳು. ಉಪ್ಪು ಹಾಕಿದ ತೆಳು ಮೊಸರು ಕುಡಿಸಿದಳು. ಕುಡಿಸುತ್ತಲೇ ಬೈದಳು. ಗ್ರೀಕ್ ಭಾಷೆಯ ಒಂದಕ್ಷರ ನನಗೆ ಬಾರದು. ಬೈಗುಳ ಮಾತ್ರ ಪೂರ್ತಿ ತಿಳಿಯಿತು.

ಅರ್ಧ ಗಂಟೆಗೆ ಸುಧಾರಿಸಿದೆ. ಬ್ರಯಾನನ ಕೈ ಹಿಡಿದು ಮೊದಲು ಕೇಳಿದ್ದೇನು ಗೊತ್ತೇ? "ಹೆಂಗಸರಿಗೆ ಹೇಳಬೇಡ." ಧನ್ಯವಾದ ಎರಡನೆಯದಾಗಿ ಬಂತು. ಅವನು ಆಗಲೆಂದು ತಲೆಯಾಡಿಸಿದ.

ನವೆಂಬರಿನಲ್ಲಿ ಕ್ರೋಯ್ಡನ್ನಿನ ಒಂದು ಬಾಡಿಗೆ ಸಭಾಂಗಣದಲ್ಲಿ ನಮ್ಮವರ ರಾಜ್ಯೋತ್ಸವ. "ಮುಂದಿನ ಬೇಸಿಗೆಗೆ ಹೊರಡುವವರಿಗೆ ನಾಲ್ಕು ಮಾತು ಹೇಳಿ" ಎಂದು ನನ್ನನ್ನೇ ವೇದಿಕೆ ಹತ್ತಿಸಿದರು. ಬ್ರಯಾನ್, ಮೌರೀನ್ ಅತಿಥಿಗಳಾಗಿ ಮುಂದಿನ ಸಾಲಿನಲ್ಲಿದ್ದರು. ನಾನು ಇಂಗ್ಲಿಷಿನಲ್ಲಿ ಬಿಸಿಲಿನ ಪಾಠ ಮುಗಿಸಿದ ಮೇಲೆ ಯಾರೋ ಇಂಗ್ಲಿಷಿನಲ್ಲೇ ಕೇಳಿದರು: "ನಿಮ್ಮಲ್ಲಿ ಯಾರಿಗೂ ತೊಂದ್ರೆ ಆಗ್ಲಿಲ್ವಾ ಸರ್?"

ನಾನು ಮೈಕನ್ನು ಕೆಳಗಿಟ್ಟು ಕೈಯಲ್ಲಿದ್ದ ಕಾಗದ ಮಡಿಸತೊಡಗಿದೆ. ನನ್ನ ಮುಖ ನೋಡಿದ ಬ್ರಯಾನ್ ಎದ್ದು ನಿಂತ. "ಆಯಿತು, ನನಗೆ. ಗುಡ್ಡದ ಮೇಲೆ ಬಿದ್ದೆ. ವಿರೂ ಇಲ್ಲದಿದ್ದರೆ ಇವತ್ತು ನಾನಿಲ್ಲಿ ಇರುತ್ತಿರಲಿಲ್ಲ" ಅಂದುಬಿಟ್ಟ.

ಸಭೆ ತುಂಬ ಚಪ್ಪಾಳೆ. ಒಂದು ಗಳಿಗೆ ಅದು ಹಿತವಾಗಿಯೂ ಇತ್ತು. ಅಷ್ಟರಲ್ಲಿ ಮೌರೀನಳ ಮುಖ ಕಂಡಿತು. ಅವಳು ಬ್ರಯಾನನ ತೋಳು ಹಿಡಿದು, "ನನಗೇಕೆ ಹೇಳಲಿಲ್ಲ?" ಎನ್ನುತ್ತಿದ್ದಳು. ಅವಳ ಕಣ್ಣಲ್ಲಿ ನೀರು. ನನ್ನ ಮಾನ ಉಳಿಸಲು ಹೋಗಿ ಅವನು ಹೆಂಡತಿಯ ಮುಂದೆ ಸಿಕ್ಕಿಬಿದ್ದಿದ್ದ, ಆದರೂ ಬಾಯಿ ಬಿಡಲಿಲ್ಲ.

ಮೈಕು ಮತ್ತೆ ಹಿಡಿದೆ. "ಬಿದ್ದವನು ನಾನು. ಟೋಪಿ ಬೇಡ, ನೀರು ಬೇಡ, ನಾನು ಬಳ್ಳಾರಿಯವನು ಅಂತ ಹೋಗಿ ಬಿದ್ದೆ. ಎತ್ತಿದವನು ಇವನು. ಮುಚ್ಚಿಡು ಎಂದು ಕೇಳಿದವನೂ ನಾನೇ" ಎಂದು ಮೌರೀನಳನ್ನೇ ನೋಡಿ ಹೇಳಿದೆ. ಮೌರೀನ್ ಕಣ್ಣೊರೆಸಿಕೊಂಡು ಗಂಡನ ಭುಜಕ್ಕೊಂದು ಗುದ್ದಿದಳು, ಆಮೇಲೆ ನಕ್ಕಳು. ಆಗ ಸಭೆಗೆ ಸಭೆಯೇ ನಕ್ಕಿತು.

ಕೆಳಗಿಳಿದಾಗ ಸುಮಿತ್ರ ನನಗೊಂದು ಲೋಟ ನೀರು ಕೊಟ್ಟಳು.

"ಸಿಟ್ಟು ಬಂತೇನು?" ಅಂದೆ.

"ಬಂತು. ಅದನ್ನ ಮನೇಲಿ ನೋಡ್ಕೋತೀನಿ" ಅಂದಳು. ಲೋಟ ವಾಪಸು ತೆಗೆದುಕೊಳ್ಳುತ್ತ, "ಅಷ್ಟು ಜನರ ಮುಂದೆ ಹೇಳಿದ್ರಲ್ಲ, ಅದು ಮಾತ್ರ ಚೆನ್ನಾಗಿತ್ತು ರೀ" ಅಂದಳು.

ಊಟದ ಸಾಲಿನ ಕಡೆ ನೋಡಿದೆ. ಬ್ರಯಾನನ ಸುತ್ತ ಏಳೆಂಟು ಜನ ಮುತ್ತಿಕೊಂಡಿದ್ದರು. ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು, ಇನ್ನೊಂದರಲ್ಲಿ ಬೆರಳು ಮಡಿಸುತ್ತ ಅವನು ನೆರಳು, ಕಾಲು, ಕಂಕುಳು ಎಂದು ವಿವರಿಸುತ್ತಿದ್ದ. ಕೇಳುತ್ತಿದ್ದವರಲ್ಲಿ ಇಬ್ಬರು ಕಲಬುರಗಿಯವರು, ಒಬ್ಬರು ರಾಯಚೂರಿನವರು. ಬಿಸಿಲೆಂದರೇನೆಂದು ಲಂಡನ್ನಿನ ಬಸ್ ಡ್ರೈವರನೊಬ್ಬ ಅವರಿಗೆ ಹೇಳಿಕೊಡುತ್ತಿದ್ದಾನೆ! ಶಿಷ್ಯನನ್ನು ನೋಡಿ ನನ್ನ ಎದೆ ಉಬ್ಬಿತು. ರಾಯಚೂರಿನ ಯಜಮಾನರು ಗಂಭೀರವಾಗಿ ತಲೆದೂಗಿ, ಪಕ್ಕದವರಿಗೆ ಕನ್ನಡದಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು:

"ಖರೇ ಹೇಳ್ತಾರ ನೋಡ್ರಿ. ನಮಗ ಇಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ."