ಮೀಟರ್ ಪೆಟ್ಟಿಗೆಯ ಮೇಲಿನ ಸಂಖ್ಯೆ

ನಮ್ಮ ಮಾವನವರು ಸ್ಕೂಟರಿನಲ್ಲಿ ನಜರ್‌ಬಾದಿಗೆ ಹೋದವರು ಯಾದವಗಿರಿಯ ಮನೆಗೆ ಬಸ್ಸಿನಲ್ಲಿ ಮರಳಿದರು. ಸ್ಕೂಟರ್ ಎಲ್ಲಿ ಎಂದರೆ, "ಯಾವ ಸ್ಕೂಟರು?" ಎಂದರು. ನನ್ನ ಗಂಡ ಹೋಗಿ ಅದನ್ನು ತಂದು, ಕೀಯನ್ನು ಎಲ್ಲಾದರೂ ಬಚ್ಚಿಡು ಎಂದರು. ನಾನು ಸಾಸಿವೆ ಡಬ್ಬಿಗೆ ಹಾಕಿದೆ.

ಮೆದುಳಿಗೆ ದಿನಾ ಕೆಲಸ ಕೊಡಿ, ಪದಬಂಧ ಬಿಡಿಸಿ ಎಂದರು ಡಾಕ್ಟರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮಾವನವರಿಗೆ ಪದಬಂಧವೆಂದರೆ ತಾತ್ಸಾರ. ಮನೆಯ ಕರೆಂಟ್ ಮೀಟರ್ ಪೆಟ್ಟಿಗೆಯ ಮೇಲಿದ್ದ 282943 ಅವರ ಕಣ್ಣಿಗೆ ಬಿತ್ತು.

"ಇದು ಪ್ರೈಮ್ ನಂಬರ್ ಇರ್ಬೌದು ಕಣಮ್ಮ. ಒಂದು ಬಿಟ್ರೆ ತಾನು, ಇನ್ಯಾವುದರಿಂದ್ಲೂ ಭಾಗ ಆಗ್ದೇ ಇರೋದು. ಕೈಯಲ್ಲೇ ಮಾಡಿ ನೋಡ್ಬುಡ್ತೀನಿ. ಒಂದೂ ತಪ್ಪಿಲ್ದೆ ಮುಗಿಸಿದ್ರೆ ಸ್ಕೂಟರ್ ಕೀ ವಾಪಸ್ ಕೊಡ್ಬೇಕು."

ಗಂಡ ಒಪ್ಪಿದರು.

532ಕ್ಕಿಂತ ಚಿಕ್ಕ ಪ್ರೈಮ್‌ಗಳಿಂದ ಭಾಗಿಸಿ ನೋಡಿದರೆ ಸಾಕಂತೆ. ಅಂಥವು ತೊಂಬತ್ತೊಂಬತ್ತು. ದಿನಕ್ಕೊಂದು ಎಂದು ಗೊತ್ತುಮಾಡಿಕೊಂಡರು. ಮೊದಲ ದಿನ 2. ಮೂರರಲ್ಲಿ ಮುಗಿಯುವ ಸಂಖ್ಯೆ ಎರಡರಿಂದ ಭಾಗವಾಗದೆಂದು ತೀರ್ಮಾನಿಸಲು ಅವರಿಗೆ ಅರ್ಧ ಪುಟ ಮತ್ತು ಒಂದು ಲೋಟ ಕಾಫಿ ಬೇಕಾಯಿತು.

ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲಾದ ನಾನು ಅಂದೇ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದೆ. 523 ಇಂಟು 541 ಎಂದು ಬಂತು. ಅಂದರೆ ಅದು ಪ್ರೈಮ್ ಅಲ್ಲ, ಮತ್ತು ಅಲ್ಲವೆಂದು ಗೊತ್ತಾಗುವುದು ಕಟ್ಟಕಡೆಯ ದಿನ. ನಾನು ಬಾಯಿ ಬಿಡಲಿಲ್ಲ. ಅವರು ಬರೆದ ಶೇಷವನ್ನು ದಿನಾ ಕದ್ದು ತಾಳೆ ನೋಡುತ್ತಿದ್ದೆ. ಒಂದೂ ತಪ್ಪಿರಲಿಲ್ಲ. ಕುಡಿದ ಕಾಫಿಯನ್ನು ಮರೆತು ಮತ್ತೆ ಕೇಳಿದ್ದುಂಟು, ಕಾಫಿ ಒಪ್ಪಂದದಲ್ಲಿರಲಿಲ್ಲ.

ಕೊನೆಯ ದಿನ 523. ಶೇಷ ಸೊನ್ನೆ. ಮಾವನವರು ಮತ್ತೊಮ್ಮೆ ಮಾಡಿದರು. ಮತ್ತೆ ಸೊನ್ನೆ. ಪೆನ್ನು ಕೆಳಗಿಟ್ಟು ಮೀಟರ್ ಪೆಟ್ಟಿಗೆಯನ್ನು ದುರುಗುಟ್ಟಿ ನೋಡಿದರು.

"ಇಷ್ಟು ದಿನ ನಂಬ್ಸಿ ಕೊನೇಲಿ ಕೈ ಕೊಡ್ತು. ಹೋಗ್ಲಿ ಬುಡು. ಲೆಕ್ಕ ತಪ್ಪಿಲ್ಲ ತಾನೆ? ಕೀ ತಗೊಂಬಾ."

ನನಗೆ ಖುಷಿಯೋ ಖುಷಿ. ಗಂಡನಿಗೆ ತೋರಿಸಲು ಲೆಕ್ಕದ ನೋಟ್‌ಬುಕ್ಕನ್ನೂ ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ಡಬ್ಬಿಯ ಮುಚ್ಚಳ ತೆಗೆಯುವಾಗ ನೋಟ್‌ಬುಕ್ ಜಾರಿ ಬಿದ್ದು ಕೊನೆಯ ಪುಟ ತೆರೆದುಕೊಂಡಿತು. ಮೊದಲ ದಿನದ ತಾರೀಖು, ಅವರದೇ ದುಂಡು ಅಕ್ಷರ: '532ರ ವರ್ಗದಲ್ಲಿ 9ರ ವರ್ಗ ಕಳೆದರೆ 282943. ಆದ್ದರಿಂದ 523 × 541. ಪ್ರೈಮ್ ಅಲ್ಲ.' ಕೆಳಗೆ ಎರಡು ಗೆರೆ.

ಮೊದಲ ದಿನವೇ ಕಂಡುಹಿಡಿದಿದ್ದರು. ಆಮೇಲೆ ಮರೆತಿದ್ದರು. ಮೀಟರನ್ನು ನೋಡಿದ ಆ ಮುಖದಲ್ಲಿ ನಟನೆ ಇರಲಿಲ್ಲ.

ಡಬ್ಬಿಯ ಮುಚ್ಚಳ ಹಾಕಿ ಹೊರಗೆ ಬಂದೆ.

"ಕೀ ಎಲ್ಲಿಟ್ಟೆ ಅಂತ್ಲೇ ನೆನಪಾಗ್ತಿಲ್ಲ ಮಾವ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಗಾಬರಿ ಆಗ್ಬೇಡ ಕಣಮ್ಮ. ನಾಳೆಯಿಂದ ನೀನೂ ದಿನಾ ಒಂದು ಭಾಗಾಕಾರ ಮಾಡು," ಎಂದು ಪೆನ್ನನ್ನು ನನ್ನ ಕೈಗಿಟ್ಟರು.