ಎಲೆಬಳ್ಳಿಯ ಹೊದಿಕೆ

ಮದುವೆಯಾಗಿ ಪಿರಿಯಾಪಟ್ಟಣದ ಹತ್ತಿರದ ಆ ಮನೆಗೆ ಬಂದಾಗ ಹಿತ್ತಲಿನ ಎಲೆಬಳ್ಳಿಯೂ ನನ್ನ ಕೊರಳಿಗೆ ಬಿತ್ತು. ಬಚ್ಚಲ ನೀರು ಹರಿಯುವ ಕಡೆ ಅತ್ತೆ ವೀಳ್ಯದೆಲೆಯ ಎಳೆ ಬಳ್ಳಿಗಳನ್ನು ಒಂದು ಸಾಲಾಗಿ ಹಬ್ಬಿಸಿದ್ದರು. ಧನುರ್ಮಾಸದ ಮಂಜು ಒಂದು ರಾತ್ರಿ ಬಡಿದರೂ ಎಲೆ ಕಪ್ಪಾಗುತ್ತದೆ. ಸಂಜೆ ದೀಪ ಹಚ್ಚುವ ಮೊದಲು ಹಳೆ ಸೀರೆ ಹೊದಿಸಬೇಕು, ಬೆಳಿಗ್ಗೆ ಬಿಸಿಲು ತಾಗುತ್ತಲೇ ತೆಗೆಯಬೇಕು. ಅತ್ತೆಗೆ ಮಂಡಿ ನೋವು, ಬಗ್ಗುವಂತಿರಲಿಲ್ಲ. ಗಂಡಸರು ಹೆಂಗಸರ ಸೀರೆ ಹಿಡಿದು ಹಿತ್ತಲಿಗೆ ಹೋದರೆ ಮಾನ ಹೋಗುತ್ತದಂತೆ. ಉಳಿದವಳು ನಾನೊಬ್ಬಳೇ.

ನನ್ನ ತವರು ಹಂಪಾಪುರ. ಬಸ್ಸು ಬದಲಿಸಿ ಹೋಗುವ ದಾರಿ, ಸಂಜೆಯೊಳಗೆ ಮರಳುವುದು ಆಗದ ಮಾತು. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ತವರಿನ ಹೆಸರೆತ್ತುವಂತಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬೆಂಕಿ ಆರಿತು ಎನ್ನುವಷ್ಟರಲ್ಲಿ ಮಂಜು ಶುರು. ಕೇಳಿದಾಗೆಲ್ಲ ಅತ್ತೆ ಮೆಲ್ಲಗೆ, "ಮಂಜು ಕಳೀಲಿ ಕಣವ್ವ, ಆಮ್ಯಾಕೆ ಓಗೀವಂತೆ" ಅನ್ನುತ್ತಿದ್ದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದು ವರ್ಷ ಧನುರ್ಮಾಸದಲ್ಲೇ ತಂಗಿಗೆ ಹೆರಿಗೆಯಾದ ಸುದ್ದಿ ಊರಿನ ಅಂಗಡಿಯ ಫೋನಿಗೆ ಬಂತು. ನಾನು ಅತ್ತುಬಿಟ್ಟೆ. ಗಂಡ ಮುಖ ಸಿಂಡರಿಸಿ, "ಓಗ್ಬಾ, ನಿನ್ ಬಳ್ಳಿ ನಾನ್ ನೋಡ್ಕತೀನಿ ಬುಡು" ಎಂದರು. ಎರಡು ದಿನ ತವರಲ್ಲಿದ್ದೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗಲೂ ಸಂಜೆಯಾಗುತ್ತಲೇ ಕೈ ಚಡಪಡಿಸುತ್ತಿತ್ತು. ಸಂಕ್ರಾಂತಿಗೆ ಮಗುವಿಗೆ ಹೆಸರಿಡುವುದೆಂದರು. ಬಂದೇ ಬರುತ್ತೇನೆಂದು ಮಾತು ಕೊಟ್ಟೆ.

ಮನೆಗೆ ಬಂದವಳು ಚೀಲ ಇಟ್ಟು ನೇರ ಹಿತ್ತಲಿಗೆ ಹೋದೆ. ಸೀರೆ ಮುಟ್ಟಲೊಲ್ಲದ ಗಂಡ ಹತ್ತಿರದ ಕೊಪ್ಪದಿಂದ ಕರಿ ಟಾರ್ಪಾಲು ತಂದು ಬಳ್ಳಿಯ ಮೇಲೆಳೆದು, ಸುತ್ತ ಕಲ್ಲು ಹೇರಿದ್ದರು. "ದಿನಾ ತಗ್ಯೋ ರಗಳೇನೇ ಇಲ್ಲ, ನೋಡು" ಎಂದು ಬೀಗಿದರು. ಎರಡು ಹಗಲು ಬಿಸಿಲು ಅದರ ಮೇಲೆ ಸುರಿದಿತ್ತು. ಎತ್ತಿದರೆ ಬೇಯಿಸಿದ ಸೊಪ್ಪಿನ ವಾಸನೆ. ಮಂಜಿನಿಂದ ಉಳಿದ ಬಳ್ಳಿ ಹೊದಿಕೆಯೊಳಗೇ ಬೆಂದುಹೋಗಿತ್ತು.

ನಿಜ ಹೇಳಬೇಕೆಂದರೆ ನನಗೆ ದುಃಖವಾಗಲಿಲ್ಲ. ಹಗುರವಾಯಿತು. ಇನ್ನು ಮುಚ್ಚುವುದಕ್ಕೆ ಏನೂ ಇಲ್ಲ, ಸಂಕ್ರಾಂತಿಗೆ ಹೋಗಬಹುದು. ಆ ರಾತ್ರಿ ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಬೆಳಿಗ್ಗೆ ಎದ್ದರೆ ಹಿತ್ತಲಲ್ಲಿ ಹೊಸ ಪಾತಿ. ಗಂಡ ಪಕ್ಕದೂರಿನ ತೋಟದಿಂದ ಬಳ್ಳಿ ತಂದು, ತಪ್ಪು ತಮ್ಮದೆಂದು ತಾವೇ ಮಣ್ಣು ಕೆದಕಿ ನೆಡುತ್ತಿದ್ದರು. ಅತ್ತೆ ಗೋಡೆ ಹಿಡಿದುಕೊಂಡು ಹತ್ತಿರ ಬಂದು ನನ್ನ ಬೆನ್ನು ಸವರಿದರು.

"ಬ್ಯಾಸರ ಮಾಡ್ಕಬ್ಯಾಡ ಕಣವ್ವ. ನೀನ್ ಅಷ್ಟ್ ಆಸೆಯಿಂದ ಸಾಕಿದ್ಯಲ್ಲ, ಈ ಸಲ ಎರಡ್ ಸಾಲು ಆಕುಸ್ತಿವ್ನಿ."

ಸಂಜೆ ಒಂದು ಸಾಲಿಗಾಗುವಷ್ಟೇ ಹಳೆ ಸೀರೆ ಸಿಕ್ಕವು. ಇನ್ನೊಂದು ಸಾಲಿಗೆ, ಸಂಕ್ರಾಂತಿಗೆ ತವರಿಗೆ ಉಟ್ಟು ಹೋಗಲೆಂದು ಒಗೆದು ಮಡಿಸಿಟ್ಟಿದ್ದ ನನ್ನ ಸೀರೆ ಹೊದಿಸಿದೆ.