ಸಾಹೇಬರ ಕಪಾಟಿಗೆ ಮಾಡಿದ ರಾಣಿ

ವಿಜಯಪುರದ ಗಾಂಧಿ ಚೌಕದ ಬಳೆ ಅಂಗಡಿಯ ಸಾಹೇಬರು ಗೊಂಬೆಯನ್ನು ಮೊದಲು ಬೆನ್ನ ಕಡೆಯಿಂದ ನೋಡುತ್ತಿದ್ದರು. ಮುಖ ಆಮೇಲೆ. "ಮಾರಿ ಎಲ್ಲಾರೂ ಚಂದ ಮಾಡ್ತಾರ. ಯಾರೂ ನೋಡದ ಕಡೆ ಹೆಂಗ ಮಾಡ್ಯಾರ, ಅದನ್ನ ನೋಡಬೇಕು" ಎನ್ನುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರದೊಂದು ಗಾಜಿನ ಕಪಾಟಿತ್ತು. ಅದರ ತುಂಬ ಸಿನಿಮಾದ ಪಾತ್ರಗಳು. ರಾಜ, ದರೋಡೆಕೋರ, ಪೊಲೀಸ, ಕುರುಡ ಹಾಡುಗಾರ, ಎಲ್ಲ ಮೊಳದುದ್ದದ ಕಟ್ಟಿಗೆಯ ಗೊಂಬೆಗಳು. ಮಂದಿ ಕೈಯಲ್ಲಿ ನಾಲ್ಕು ಕಾಸು ಆಡಿದರೆ ಹೊಲ ಕೊಳ್ಳುತ್ತಾರೆ, ಈ ಮನುಷ್ಯ ಗೊಂಬೆ ಮಾಡಿಸುತ್ತಿದ್ದರು. ಹುಚ್ಚು ಎಂದರೆ ಹುಚ್ಚೇ. ಮಾಡಿಕೊಡುತ್ತಿದ್ದವನು ನಮ್ಮಪ್ಪ, ಬಬಲೇಶ್ವರದ ಬಡಿಗ.

ಇದು ಎಪ್ಪತ್ತರ ದಶಕದ ಮಾತು. ವಿಜಯಪುರಕ್ಕೆ ಆಗ ಎಲ್ಲರೂ ಬಿಜಾಪುರ ಎನ್ನುತ್ತಿದ್ದೆವು. ಅಪ್ಪ ಸಿನಿಮಾಕ್ಕೆ ಹೋದವನೇ ಅಲ್ಲ. "ಕತ್ತಲಾಗ ಕುಂತು ಬೆಳಕ ನೋಡೂದೇನು?" ಎಂದು ನಮ್ಮನ್ನೇ ಕೇಳುತ್ತಿದ್ದ. ಸಾಹೇಬರು ಥೇಟರಿನವರ ಕಡೆಯಿಂದ ಒಂದು ಫೋಟೋ ತರಿಸಿ ಕೊಡುತ್ತಿದ್ದರು. ಉಳಿದದ್ದನ್ನು ಅಪ್ಪ ನನ್ನನ್ನೋ ಅಕ್ಕನನ್ನೋ ಕೇಳಿ ಮಾಡುತ್ತಿದ್ದ. ಹೆಂಗ ನಿಂತಿದ್ದ, ಎಡಗೈ ಎಲ್ಲಿತ್ತು, ಸಿಟ್ಟು ಬಂದಾಗ ಗದ್ದ ಮೇಲೆತ್ತುತ್ತಾನೋ ಇಳಿಸುತ್ತಾನೋ. ನಾವು ಎದ್ದು ನಿಂತು ಮಾಡಿ ತೋರಿಸಬೇಕು, ಅವನು ಉಳಿ ಹಿಡಿದುಕೊಂಡು ನೋಡಬೇಕು. ಅವ್ವ ಒಳಗಿನಿಂದ "ಮನಿಯೇನು ನಾಟಕದ ಕಂಪನಿ ಆತೇನು?" ಎಂದು ಬೈಯುತ್ತಿದ್ದಳು.

ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿತ್ತು. ಬಸುರಿಗೆ ಸೀರೆ ಉಡಿಸಿ ಬಳೆ ಏರಿಸುವ ಕುಬಸ ಮಾಡಿ ಮೊದಲ ಹೆರಿಗೆಗೆ ಕರೆದುಕೊಂಡು ಬಂದೆವು. ಬಸುರಿಯರು ಹುಳಿ ಮಾವಿನಕಾಯಿ ಕೇಳುತ್ತಾರೆ, ಸುಟ್ಟ ಮಣ್ಣು ಕೇಳುತ್ತಾರೆ. ನಮ್ಮಕ್ಕ ಸಿನಿಮಾ ಕೇಳಿದಳು. ಅವ್ವ ಬೈದಳು, ಅಕ್ಕ ಊಟ ಬಿಟ್ಟಳು, ಕಡೆಗೆ ನಾನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದೆ. ಒಂದು ರಾಜಮನೆತನದ ಕತೆ, ಅದರಲ್ಲೊಬ್ಬ ರಾಣಿ.

ಹೆರಿಗೆಯಲ್ಲಿ ಅಕ್ಕ ಉಳಿಯಲಿಲ್ಲ. ಕೂಸೂ ಉಳಿಯಲಿಲ್ಲ. ತಿಕೋಟಾದವರು ಬಂದರು, ಅತ್ತರು, ಹೋದರು.

ನಾನು ಅಳಲಿಲ್ಲ. ಬೇಕೆಂದು ಬಿಗಿಹಿಡಿದದ್ದೂ ಅಲ್ಲ, ಬರಲೇ ಇಲ್ಲ. ನೀರು ತಂದೆ, ರೊಟ್ಟಿ ಬಡಿದೆ, ಉಂಡೆ, ಮಲಗಿದೆ. ಅಕ್ಕ ಇಲ್ಲ ಎನ್ನುವುದು ಗೊತ್ತಿತ್ತು, ಆದರೆ ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ಒಸಡಿನ ಹಾಗೆ ಯಾವುದೂ ತಾಗುತ್ತಿರಲಿಲ್ಲ. ಓಣಿಯ ಹೆಂಗಸರಿಗೆ ನನ್ನದೇ ಚಿಂತೆ. "ಹುಡಿಗಿ ಎದಿ ಕಲ್ಲಾಗೇತಿ, ಹೆಂಗರ ಮಾಡಿ ಅಳಸ್ರಿ" ಎಂದು ಮುಂದೆ ಕೂತು ಅಕ್ಕ ಚಿಕ್ಕವಳಿದ್ದಾಗಿನ ಮಾತು ತೆಗೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನನ್ನ ಅಳು ತಗೊಂಡು ಇವರೇನು ಮಾಡುತ್ತಾರೆ? ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಅಪ್ಪ ಉಳಿಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ. ಬೆಳಗಾದರೆ ಕಟ್ಟೆಗೆ ಬಂದು ಕೂಡುವುದು, ಬಿಸಿಲು ಬಂದರೆ ಒಳಗೆ ಸರಿಯುವುದು, ಇಷ್ಟೇ. ನೇಗಿಲು ರಿಪೇರಿಗೆ ಬಂದವರಿಗೆ "ಬ್ಯಾರೇದವ್ರ ಕಡೆ ಹೋಗ್ರಿ" ಎಂದು ಹೇಳಿ ಕಳಿಸುತ್ತಿದ್ದ. ಹೀಗಿರುವಾಗ ಸಾಹೇಬರ ಕಡೆಯಿಂದ ಒಂದು ಫೋಟೋ ಬಂತು. ಅಕ್ಕ ಮತ್ತು ನಾನು ನೋಡಿದ ಅದೇ ಸಿನಿಮಾದ ರಾಣಿ.

ಅವ್ವ ಆ ಫೋಟೋವನ್ನು ಅಪ್ಪನ ಮುಂದೆ ಇಟ್ಟಳು. ಅಪ್ಪ ಬಹಳ ಹೊತ್ತು ನೋಡಿದ. "ಮಾಡ್ತೇನಿ" ಎಂದ. "ಆದ್ರ ಇದೊಂದ. ಸಾಹೇಬ್ರು ಇದನ್ನ ವಾಪಸ್ ಕೊಟ್ರ ಮುಗೀತು, ಮತ್ತ ಉಳಿ ಮುಟ್ಟಂಗಿಲ್ಲ."

ಸಾಹೇಬರು ವಾಪಸ್ ಕೊಡುವವರೇ. ಒಮ್ಮೆ ದರೋಡೆಕೋರನ ಹೆಬ್ಬೆರಳು ಗಿಡ್ಡ ಎಂದು ತಿರುಗಿಸಿ ಕಳಿಸಿದ್ದರು. ಆ ದಿನಗಳಲ್ಲಿ ನನಗೆ ಏನಾದರೂ ಬೇಕು ಅನ್ನಿಸಿದ್ದರೆ ಅದೊಂದೇ, ಈ ರಾಣಿ ಪಾಸಾಗಬೇಕು. ಕಟ್ಟೆಯ ಮೇಲೆ ಕೂತ ಅಪ್ಪನನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ನಿಡೋಣಿಯಿಂದ ತಂದಿಟ್ಟಿದ್ದ ಹಾಲವಾಣದ ತುಂಡು ಮೂಲೆಯಲ್ಲಿತ್ತು, ಹಗುರ ಕಟ್ಟಿಗೆ. ಅಪ್ಪ ಕೆತ್ತಿದ, ನಾನು ಪಾಲೀಶ್ ಕಾಗದದಿಂದ ಉಜ್ಜಿದೆ. ಹುಣಸೆಬೀಜದ ಅಂಟು ಕುದಿಸಿ ಬಿಳಿ ಪುಡಿ ಕಲಸಿ ಮೈಗೆಲ್ಲ ಹಚ್ಚಿದೆವು. ಅದು ಒಣಗಿದ ಮೇಲೆ ಬಣ್ಣ. ಅಪ್ಪ ಬ್ರಶ್ ಹಿಡಿದು ಕೇಳಿದ, "ಸೀರಿ ಯಾವ ಬಣ್ಣದ್ದಿತ್ತು?"

"ಹಸರು" ಎಂದೆ. "ಕೆಂಪಂಚು."

"ಬಳಿ?"

"ಅವೂ ಹಸರ. ಕೈತುಂಬ."

ಒಂದು ಗಳಿಗೆಯೂ ಯೋಚಿಸಲಿಲ್ಲ, ಕಣ್ಣ ಮುಂದೆ ಕಟ್ಟಿದ ಹಾಗಿತ್ತು. ಅಪ್ಪ ನನ್ನ ಮುಖ ನೋಡಿದ. ಮತ್ತೇನೂ ಕೇಳದೆ ಹಸಿರು ಕಲಸಿದ.

ರಾಣಿಯನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು. ತೊಡೆಯ ಮೇಲೆ ಇಟ್ಟುಕೊಂಡವಳು ನಾನು. ಗಾಂಧಿ ಚೌಕದಲ್ಲಿ ಟಾಂಗಾಗಳ ನಡುವೆ ದಾರಿ ಮಾಡಿಕೊಂಡು ಅಂಗಡಿ ಮುಟ್ಟಿದಾಗ ಸಾಹೇಬರು ಯಾರದೋ ಕೈಗೆ ಬಳೆ ಏರಿಸುತ್ತಿದ್ದರು. ಮುಗಿಸಿ ಬಂದು, "ಬರ್ರಿ ಬಡಿಗೇರ. ನಿಮ್ಮ ಮಗಳ ಸುದ್ದಿ ಕೇಳಿದೆ. ಅಲ್ಲಾನ ಮರ್ಜಿ, ಏನ್ ಮಾಡೋದು" ಎಂದರು. ನನ್ನ ಕಡೆ ತಿರುಗಿ, "ಕುಂಡ್ರು ಬೇಟಿ" ಎಂದರು. ಹಿಂದಿನ ಕೋಣೆಯಲ್ಲಿ ಚಾ ಬಂತು. ಯಾರೂ ಕುಡಿಯಲಿಲ್ಲ.

ಸಾಹೇಬರು ಬೆನ್ನಿನಿಂದ ಶುರು ಮಾಡಿದರು. ಸೆರಗು ಬೆನ್ನ ಮೇಲೆ ಇಳಿದ ನಿರಿಗೆಗಳಲ್ಲಿ ಉಗುರಾಡಿಸಿದರು. ಕುತ್ತಿಗೆಯ ಬಳಿ ಜೋಡಿಸಿದ ಗೆರೆ ಸಿಗುತ್ತದೇನೋ ಎಂದು ಹೆಬ್ಬೆರಳು ಒತ್ತಿದರು. ಮೇಜಿನ ಮೇಲೆ ನಿಲ್ಲಿಸಿ ಮೇಜನ್ನೇ ಅಲ್ಲಾಡಿಸಿದರು, ರಾಣಿ ಬೀಳಲಿಲ್ಲ. ಬೆರಳು ಎಂಜಲು ಮಾಡಿ ಸೀರೆಯ ತುದಿ ತಿಕ್ಕಿದರು, ಬಣ್ಣ ಬಿಡಲಿಲ್ಲ. ಆಮೇಲೆ ನಾವು ತಂದಿದ್ದ ಫೋಟೋ ಪಕ್ಕಕ್ಕಿಟ್ಟು ಮೂಗು, ತುಟಿ, ಹಣೆ ಒಂದೊಂದಾಗಿ ತಾಳೆ ನೋಡಿದರು. "ವ್ಹಾ! ಮಾರಿ ಅಕೀದ" ಎಂದರು. ನನಗೆ ಉಸಿರು ಬಂತು. ಪಾಸಾದಳು ಎಂದುಕೊಂಡೆ.

ಕಡೆಗೆ ಕೈ. ಬಳೆ ಮಾರುವವರು, ಯಾರ ಕೈ ಕಂಡರೂ ಅವರ ಕಣ್ಣು ಮಣಿಕಟ್ಟಿನ ಮೇಲೆಯೇ. ರಾಣಿಯ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಬಡಿಗೇರ, ಫೋಟೋದಾಗ ಕಡಗ ಅದಾವ. ನೀವು ಗಾಜಿನ ಬಳಿ ಹಾಕೀರಿ."

ನಾನೇ ಬಾಯಿ ಹಾಕಿದೆ, "ನಾ ಸಿನಿಮಾ ನೋಡೇನ್ರಿ ಸಾಹೇಬ್ರ. ಹಸರ ಸೀರಿ, ಹಸರ ಬಳಿ ಇದ್ದೂವರಿ."

ಸಾಹೇಬರು ನಗಲಿಲ್ಲ. ಮೆತ್ತಗೆ ಹೇಳಿದರು. "ನಾನೂ ಎರಡ ಸಲ ನೋಡೇನಿ ಬೇಟಿ. ಅದು ಕಪ್ಪು ಬಿಳಿ ಸಿನಿಮಾ. ಪೋಸ್ಟರ್‌ದಾಗ ನೋಡಿದ್ರ ಸೀರಿ ಕೆಂಪೈತಿ. ಹಸರ ಎಲ್ಲಿ ನೋಡ್ದಿ ನೀ?"

ಎಲ್ಲಿ ನೋಡಿದೆ? ಅಯ್ಯ, ನಾನು ನೋಡಿದ್ದು ಪರದೆಯ ಮೇಲಲ್ಲ. ಇಂಟರ್‌ವಲ್‌ನಲ್ಲಿ ದೀಪ ಹತ್ತಿದಾಗ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳಲ್ಲ, ಅವಳು. ಕುಬಸದ ಹಸಿರು ಸೀರೆ ಉಟ್ಟುಕೊಂಡೇ ಬರುತ್ತೇನೆಂದು ಹಟ ಮಾಡಿದ್ದಳು. ಕುಬಸದ ಬಳೆಗಳೂ ಕೈಯಲ್ಲೇ ಇದ್ದವು. ಆ ಸಿನಿಮಾಕ್ಕೆ ಬಣ್ಣವೇ ಇರಲಿಲ್ಲ ಎನ್ನುವುದು ನನಗೆ ಸಾಹೇಬರು ಹೇಳುವ ತನಕ ಹೊಳೆದಿರಲಿಲ್ಲ.

ಸಾಹೇಬರು ಗೊಂಬೆಯ ಬಲಗೈಯನ್ನು ಅಪ್ಪನ ಕಡೆ ತಿರುಗಿಸಿದರು. "ಆ ಕೈಗಿಂತ ಈ ಕೈಯಾಗ ಒಂದ ಬಳಿ ಜಾಸ್ತಿ ಐತಿ. ಕುಬಸದಾಗ ನಾವು ಬಳಿಗಾರ್ರು ಹರಸಿ ಹಾಕೂ ಬಳಿ ಇದು. ರಾಣಿ ಕೈಯಾಗ ಹೆಂಗ ಬಂತು?"

ಅದನ್ನು ನಾನು ಹೇಳಿರಲಿಲ್ಲ. ಹಸಿರು, ಕೈತುಂಬ, ಇಷ್ಟೇ ಹೇಳಿದ್ದೆ. ಹೆಚ್ಚಿನ ಬಳೆ ಬಣ್ಣದಲ್ಲಿ ಬರೆದವನು ಅಪ್ಪ. ಬಣ್ಣ ಕೇಳಿದ ಆ ಹೊತ್ತಿಗೇ ಅವನಿಗೆ ಎಲ್ಲ ತಿಳಿದಿತ್ತು. ಅಪ್ಪ ತಲೆ ತಗ್ಗಿಸಿ ತನ್ನ ಕೈಗಳನ್ನೇ ನೋಡುತ್ತಿದ್ದ.

"ಕೆಲಸದಾಗ ಒಂದ ತಪ್ಪಿಲ್ಲ" ಎಂದರು ಸಾಹೇಬರು. "ನನ್ನ ಕಪಾಟಿನಾಗ ಇದಕ್ಕಿಂತ ಚಲೋ ಗೊಂಬಿ ಇಲ್ಲ. ಆದ್ರ ಇದು ಸಿನಿಮಾದ ರಾಣಿ ಅಲ್ಲ ಬಡಿಗೇರ. ನಾ ಇಟ್ಕೊಳ್ಳಾಕ ಆಗಂಗಿಲ್ಲ. ನಿಮ್ಮ ಮನಿಗೆ ಒಯ್ರಿ." ತಾವೇ ಧೋತರ ಬಿಡಿಸಿ ಸುತ್ತಿದರು, ಮುಖವೊಂದನ್ನು ಹೊರಗೆ ಬಿಟ್ಟು.

ವಾಪಸ್ ಬಂತು. ಮುಗಿಯಿತು. ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದೊಂದೇ. ಸಾಹೇಬರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ, ಅದೂ ಬರಲಿಲ್ಲ. ಅಪ್ಪ ಕಿಟಕಿಯಾಚೆ ಜೋಳದ ಹೊಲ ನೋಡುತ್ತಿದ್ದ. ಮನೆ ಮುಟ್ಟಿದ ಕೂಡಲೇ ಅವ್ವನಿಗೆ ನಮ್ಮ ಕೈಯಲ್ಲಿದ್ದ ಗಂಟು ನೋಡಿಯೇ ಗೊತ್ತಾಯಿತು. ಏನೂ ಕೇಳದೆ ಅದನ್ನು ಇಸಿದುಕೊಂಡು ಬಿಚ್ಚಿದಳು. ಸೀರೆ ನೋಡಿದಳು, ಕೈ ನೋಡಿದಳು, ಎದೆಗವಚಿಕೊಂಡು ಒಳಗೆ ಹೋದಳು. ಅವ್ವ ಒಳಗೆ ಅಳುವುದು ಕೇಳಿಸಿತು. ನಾನು ಒಲೆ ಹೊತ್ತಿಸಿದೆ.

ಮರುದಿನ ಬೆಳಿಗ್ಗೆ ಕಸ ಹೊಡೆಯುತ್ತಿದ್ದೆ. ಕೊಟ್ಟಿಗೆಯ ಕಡೆಯಿಂದ ಸಪ್ಪಳ ಬಂತು. ಹೋಗಿ ನೋಡಿದರೆ ಅಪ್ಪ ಹೊಸ ಕಟ್ಟಿಗೆಯ ತುಂಡು ಕಾಲಲ್ಲಿ ಒತ್ತಿ ಹಿಡಿದು ಉಳಿಗೆ ಕೊಡತಿ ಹೊಡೆಯುತ್ತಿದ್ದ. ಪಕ್ಕದಲ್ಲಿ ಸಾಹೇಬರು ಕೊಟ್ಟ ಫೋಟೋ. ನಾನು ಬಾಗಿಲಲ್ಲೇ ನಿಂತೆ. ಮಾತಾಡಿಸಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ಹೆದರಿಕೆ.

"ಬಾ ಯವ್ವಾ" ಎಂದ, ತಲೆ ಎತ್ತದೆ. "ಅಕಿ ವಾಪಸ್ ಬಂದಿಲ್ಲ, ಮನಿಗೆ ಬಂದಾಳ. ಸಾಹೇಬ್ರಿಗೆ ಅವ್ರ ರಾಣಿ ಮಾಡಿ ಕೊಡಬೇಕು. ಕೆಂಪ ಸೀರೀದು."

ಹೋಗಿ ಎದುರಿಗೆ ಕೂತೆ. ಸ್ವಲ್ಪ ಹೊತ್ತು ಕೆತ್ತಿದ. ಆಮೇಲೆ ಕೇಳಿದ, "ಅವತ್ತ ಸಿನಿಮಾ ನೋಡುವಾಗ ನಿಮ್ಮಕ್ಕ ನಕ್ಕಿದ್ಲೇನು?"

"ನಕ್ಳಪ್ಪಾ" ಎಂದೆ. "ಭಾಳ ನಕ್ಳು. ಹೊಟ್ಟಿ ಹಿಡ್ಕೊಂಡು ನಕ್ಳು. ಹಿಂದ ಕುಂತವ್ರು ಬೈದ್ರು, ಅವ್ರನ್ನ ನೋಡಿ ಮತ್ತ ನಕ್ಳು…"

ಮುಂದಿನದು ಹೇಳಲು ಆಗಲಿಲ್ಲ. ಎಲ್ಲಿತ್ತೋ ಅಷ್ಟು ದಿನ, ಗಂಟಲು ಹರಿಯುವ ಹಾಗೆ ಅಳು ಬಂತು. ಅಪ್ಪ ಸುಮ್ಮನಿರು ಎನ್ನಲಿಲ್ಲ. ಉಳಿ ಕೆಳಗಿಟ್ಟು ನನ್ನ ಹತ್ತಿರ ಸರಿದು ಕೂತ.

"ಯಾತಕ್ಕ ನಕ್ಳು?" ಎಂದ. "ಮೊದಲಿಂದ ಹೇಳು."